ಓಡುವ ಮನಸ್ಸಿನವರ ಪ್ರಾರ್ಥನೆ

32ನೇ ವಯಸ್ಸಲ್ಲಿ ಡಾಕ್ಟರ್ ನನಗೆ ಎಡಿಎಚ್‌ಡಿ ಇದೆ ಅಂದರು. ಅಲ್ಲಿವರೆಗೆ ಜನ ಇದನ್ನ ಸೋಮಾರಿತನ ಅಂತಿದ್ದರು. ಒಬ್ಬರಂತೂ ವಿಶ್ವಾಸದ ಕೊರತೆ ಅಂದರು. ದೊಡ್ಡವರಾದ ಮೇಲೆ ಶುರುವಾಗೋದಲ್ಲ ಇದು. 12 ವರ್ಷಕ್ಕೆ ಮುಂಚೆಯೇ ಲಕ್ಷಣಗಳಿದ್ದವಾ ಅಂತ ಡಾಕ್ಟರ್ ಕೇಳ್ತಾರೆ. ಅಮ್ಮ ನನ್ನ ಹಳೇ ಮಾರ್ಕ್ಸ್ ಕಾರ್ಡ್‌ಗಳನ್ನೇ ಹುಡುಕಿ ಕೊಟ್ಟರು!

ಮೀಥೈಲ್‌ಫೆನಿಡೇಟ್ ಮಾತ್ರೆ ಮಿದುಳಿನಲ್ಲಿ ಡೋಪಮೀನ್ ಹೆಚ್ಚಿಸಿ ಗಮನ ನಿಲ್ಲಲು ಸಹಾಯ ಮಾಡುತ್ತೆ. ಅದನ್ನ ನುಂಗೋದು ಅವಿಶ್ವಾಸವೇ? ಬಳಲಿ ಮಲಗಿದ್ದ ಎಲೀಯನಿಗೆ ದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು. ಆದರೂ ಮಾತ್ರೆ ಕರೆಂಟ್ ಬಿಲ್ ಕಟ್ಟಲ್ಲ. ಅದಕ್ಕೆ ಅಲಾರಂ ಬೇಕೇ ಬೇಕು.

ಗಂಟೆಗಟ್ಟಲೆ ಮೊಣಕಾಲೂರೋದು ನನ್ನಿಂದಾಗಲ್ಲ. ನಡೀತಾ, ಜೋರಾಗಿ ಪ್ರಾರ್ಥಿಸ್ತೀನಿ. ಮನಸ್ಸು ಗ್ಯಾಸ್ ಬುಕಿಂಗ್ ಕಡೆ ಓಡಿದರೆ ಅದನ್ನೇ ಕರ್ತನಿಗೆ ಹೇಳ್ತೀನಿ. ಹಿಂದಿನ ಸಾಲಲ್ಲಿ ಕೂರಲಾಗದೆ ಚಡಪಡಿಸ್ತಿರೋ ತಮ್ಮಾ, ನಿಂತುಕೊಂಡೇ ಕೇಳು. ಯಾರೂ ಏನೂ ಅಂದುಕೊಳ್ಳಲ್ಲ.