ಭೂತಗನ್ನಡಿಗಿಂತ ಮೊದಲು ಬೆಳಕಿಗೆ ಖರ್ಚು ಮಾಡಿ

ಪ್ಲಾಸ್ಟಿಕ್ ಕಿಟ್‌ಗಳಿಂದ ವಿಮಾನ, ಹಡಗು, ರೈಲಿನ ಮಾದರಿ ಕಟ್ಟುವವರು ಒಂದಲ್ಲ ಒಂದು ದಿನ ಭೂತಗನ್ನಡಿ ದೀಪ ಹುಡುಕಲು ಹೊರಡುತ್ತಾರೆ. ನಲವತ್ತು ದಾಟಿದವರಂತೂ ಖಂಡಿತ. ದುಂಡನೆಯ ಮಸೂರ, ಅದರ ಸುತ್ತ ಎಲ್‌ಇಡಿ ಉಂಗುರ, ಬಾಗುವ ತೋಳು, ಮೇಜಿನ ಅಂಚಿಗೆ ಬಿಗಿಸುವ ಕ್ಲಾಂಪ್. ಸಾವಿರ ಚಿಲ್ಲರೆ ರೂಪಾಯಿಗೂ ಸಿಗುತ್ತದೆ, ಅದರ ಹಲವು ಪಟ್ಟು ಬೆಲೆಗೂ ಸಿಗುತ್ತದೆ. ಕೊಳ್ಳುವವರ ಕಣ್ಣು ಮೊದಲು ಹೋಗುವುದು ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾದ ‘10ಎಕ್ಸ್’, ‘20ಎಕ್ಸ್’ ಎಂಬ ಸಂಖ್ಯೆಯ ಕಡೆಗೆ. 1:72 ಅಳತೆಯ ವಿಮಾನಗಳನ್ನು ಬಹುಕಾಲದಿಂದ ಕಟ್ಟುತ್ತಾ ಬಂದಿರುವ ನನ್ನ ಅಭಿಪ್ರಾಯ ಹೇಳುವುದಾದರೆ, ಆ ಸಂಖ್ಯೆ ನೋಡಿ ಕೊಡುವ ಹಣ ಬಹುಪಾಲು ದಂಡ. ಮೊದಲ ಖರ್ಚು ಬೆಳಕಿಗೆ, ಎರಡನೆಯದು ಮಸೂರಕ್ಕೆ. ಎರಡನ್ನೂ ಬೇರೆಬೇರೆಯಾಗಿ ಕೊಂಡರೆ ಹೆಚ್ಚಿನವರಿಗೆ ಲಾಭ.

ಆ ಸಂಖ್ಯೆಯನ್ನೇ ಮೊದಲು ನೋಡೋಣ. ಮಸೂರದ ಶಕ್ತಿಯನ್ನು ಅಳೆಯುವುದು ಡಯಾಪ್ಟರ್‌ನಲ್ಲಿ. ನೂರನ್ನು ಡಯಾಪ್ಟರ್‌ನಿಂದ ಭಾಗಿಸಿದರೆ ಸಂಗಮದೂರ ಸೆಂಟಿಮೀಟರ್‌ಗಳಲ್ಲಿ ಸಿಗುತ್ತದೆ. ಡಯಾಪ್ಟರನ್ನು ನಾಲ್ಕರಿಂದ ಭಾಗಿಸಿ ಒಂದು ಕೂಡಿಸಿದರೆ, ವಸ್ತು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರ ಚಾಲ್ತಿ ಲೆಕ್ಕ. 3 ಡಯಾಪ್ಟರ್ ಮಸೂರ 1.75 ಪಟ್ಟು ದೊಡ್ಡದು ಮಾಡುತ್ತದೆ, ಸಂಗಮದೂರ 33 ಸೆಂ.ಮೀ. 5 ಡಯಾಪ್ಟರ್‌ಗೆ 2.25 ಪಟ್ಟು, 20 ಸೆಂ.ಮೀ. 8 ಡಯಾಪ್ಟರ್‌ಗೆ ಮೂರು ಪಟ್ಟು, ಹನ್ನೆರಡೂವರೆ ಸೆಂ.ಮೀ. ಚಿಕ್ಕಪೇಟೆಯ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಹತ್ತು ಪಟ್ಟಿನ ಲೂಪ್‌ನ ಸಂಗಮದೂರ ಎರಡೂವರೆ ಸೆಂಟಿಮೀಟರ್ ಆಸುಪಾಸು. ಅದಕ್ಕೇ ಅದರ ಗಾಜು ಅಷ್ಟು ಪುಟ್ಟದು. ಈಗ 12 ಸೆಂ.ಮೀ. ಅಗಲದ ದೀಪದ ಮೇಲೆ ‘10ಎಕ್ಸ್’ ಎಂದು ಬರೆದಿದ್ದರೆ ಏನರ್ಥ? ಅಷ್ಟೇ ಅಗಲದ ಇಡೀ ಗಾಜಿನ ಗುಂಡನ್ನು ತಂದಿಟ್ಟರೂ ಅದರ ಸಂಗಮದೂರ ನಡುವಿನಿಂದ ಸುಮಾರು 9 ಸೆಂಟಿಮೀಟರ್‌ಗಿಂತ ಕಡಿಮೆ ಆಗದು, ಮೂರು-ನಾಲ್ಕು ಪಟ್ಟಿಗಿಂತ ಹೆಚ್ಚು ದೊಡ್ಡದಾಗಿ ತೋರಿಸದು. ಹಾಗಿರುವಾಗ ತೆಳ್ಳನೆಯ ಆ ಮಸೂರ ಹತ್ತು ಪಟ್ಟು ತೋರಿಸುವುದು ಸಾಧ್ಯವೇ ಇಲ್ಲ. ಇನ್ನು ನಿಜವಾಗಿ ಮೂರು ಪಟ್ಟು ತೋರಿಸುವ ಮಸೂರ ಸಿಕ್ಕಿತೆನ್ನಿ. ಗಾಜಿಗೂ ಮಾದರಿಗೂ ನಡುವೆ ಉಳಿಯುವ ಗೇಣಿಗಿಂತ ಕಡಿಮೆ ಜಾಗದಲ್ಲಿ ಚಿಮುಟ, ಕುಂಚ, ಎರಡು ಕೈ ಎಲ್ಲವೂ ಓಡಾಡಬೇಕು. ಏರ್‌ಬ್ರಷ್ ಮಾತೇ ಬೇಡ, ಬಣ್ಣದ ತುಂತುರು ನೇರ ಗಾಜಿಗೇ ಹೋಗುತ್ತದೆ. ಕೆಲಸಕ್ಕೆ ಆಗಿಬರುವುದು ಎರಡು, ಎರಡೂಕಾಲು ಪಟ್ಟು, ಅಷ್ಟೇ.

ಅಷ್ಟು ಸಾಕೇ ಎಂದು ಕೇಳುವವರಿಗೆ ಉತ್ತರ ಬೆಳಕಿನಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ವಾಯುಪಡೆಯಿಂದ ನಿವೃತ್ತಿಯಾದ ಮಿಗ್-21ರ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು ಏಳು ಮೀಟರ್. 1:72ರಲ್ಲಿ ಅದು ಹತ್ತು ಸೆಂಟಿಮೀಟರ್ ಆಗುತ್ತದೆ. ಅದರ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳದ ಚೌಕಟ್ಟು ಒಂದು ಮಿಲಿಮೀಟರ್ ಅಗಲ ಇದ್ದರೆ ಹೆಚ್ಚು. ಆ ಗೆರೆಯೊಳಗೆ ಬಣ್ಣ ನಿಲ್ಲಿಸಲು ಬೇಕಾದದ್ದು ಗೆರೆ ಎಲ್ಲಿ ಮುಗಿಯುತ್ತದೆ ಎಂಬ ಸ್ಪಷ್ಟತೆ. ಕಣ್ಣಿಗೆ ಬೆಳಕು ಜಾಸ್ತಿ ಬಿದ್ದಾಗ ಪಾಪೆ ಕಿರಿದಾಗುತ್ತದೆ. ಪಾಪೆ ಕಿರಿದಾದಷ್ಟೂ ಸ್ವಲ್ಪ ಹಿಂದಿರುವುದೂ ಸ್ವಲ್ಪ ಮುಂದಿರುವುದೂ ಒಟ್ಟಿಗೇ ಸ್ಪಷ್ಟವಾಗುತ್ತವೆ. ಅಂದರೆ ಮಸೂರದ ಕೆಲಸದ ಒಂದು ಪಾಲನ್ನು ಬೆಳಕೇ ಮಾಡಿಬಿಡುತ್ತದೆ. ವಯಸ್ಸಾದಂತೆ ಇದರ ತೂಕ ಇನ್ನೂ ಹೆಚ್ಚು: ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೇ ಒಂದು ಪಾಲು ಮಾತ್ರ ಎಂಬುದು ಕಣ್ಣಿನ ತಜ್ಞರ ಅಂದಾಜು. ಯುರೋಪಿನ ಬೆಳಕಿನ ಮಾನದಂಡ ಕಚೇರಿಯ ಮೇಜಿಗೆ 500 ಲಕ್ಸ್ ಕೇಳಿದರೆ, ಕೈಯಿಂದ ಗಡಿಯಾರ ಮಾಡುವ ಮೇಜಿಗೆ 1500 ಲಕ್ಸ್ ಕೇಳುತ್ತದೆ. ನಮ್ಮ ಮನೆಗಳ ಚಾವಣಿಯ ಟ್ಯೂಬ್‌ಲೈಟ್ ಕೆಳಗೆ ಮೇಜಿನ ಮೇಲೆ ಬೀಳುವುದು ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಬಲ್ಬನ್ನು ಎರಡಡಿಯಿಂದ ಒಂದಡಿಗೆ ಇಳಿಸಿದರೆ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ಒಂದು ಪೈಸೆ ಖರ್ಚಿಲ್ಲದೆ.

ಉಂಗುರದ ಎಲ್‌ಇಡಿ ನೆರಳೇ ಬೀಳಿಸುವುದಿಲ್ಲವಲ್ಲ, ಅದಕ್ಕಿಂತ ಬೇರೇನು ಬೇಕು ಎಂಬ ವಾದವಿದೆ. ಸರ್ಕಿಟ್ ಬೋರ್ಡ್‌ಗೆ ಬೆಸುಗೆ ಹಾಕುವವರಿಗೆ ಆ ವಾದ ಸರಿ. ಮಾದರಿ ಕಟ್ಟುವವರಿಗೆ ಹಲವು ಸಲ ನೆರಳೇ ಬೇಕು. ವಿಮಾನದ ಒಡಲಿನ ಎರಡು ಹೋಳುಗಳನ್ನು ಅಂಟಿಸಿ, ಪುಟ್ಟಿ ತುಂಬಿ, ಉಪ್ಪುಕಾಗದದಿಂದ ಉಜ್ಜಿದ ಮೇಲೆ ಜೋಡಣೆಯ ಗೆರೆ ಉಳಿದಿದೆಯೋ ಇಲ್ಲವೋ ನೋಡಬೇಕು. ಸುತ್ತಲಿಂದ ಸಮನಾಗಿ ಬೀಳುವ ಬೆಳಕಿನಲ್ಲಿ ಮೇಲ್ಮೈ ಒಂದೇ ಹದವಾಗಿ ಕಾಣುತ್ತದೆ, ಎಲ್ಲವೂ ನುಣುಪಾಗಿದೆ ಅನಿಸುತ್ತದೆ. ಅದೇ ದೀಪವನ್ನು ಪಕ್ಕಕ್ಕೆ ತಗ್ಗಿಸಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಹಿಡಿದರೆ ಕೂದಲೆಳೆಯಷ್ಟು ತಗ್ಗೂ ತನ್ನ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ಈ ಒಂದು ಸೌಲಭ್ಯ ಮೂರು ಪಟ್ಟಿನ ಮಸೂರಕ್ಕಿಂತ ದೊಡ್ಡದು ಎಂಬುದು ನನ್ನ ದೃಢ ನಂಬಿಕೆ, ಮತ್ತು ಮಸೂರಕ್ಕೆ ಅಂಟಿಕೊಂಡಿರುವ ಉಂಗುರದಿಂದ ಇದು ಸಿಗುವುದಿಲ್ಲ. ಬಣ್ಣದ ವಿಷಯವೂ ಇದೆ. ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಂಕ ಉಂಟು, ಗರಿಷ್ಠ 100. ಅಗ್ಗದ ಎಲ್‌ಇಡಿಗಳು 80ರ ಆಸುಪಾಸು ಅಥವಾ ಅದಕ್ಕೂ ಕೆಳಗೆ ಇರುತ್ತವೆ, ಅವು ಸೋಲುವುದು ಹೆಚ್ಚಾಗಿ ಕೆಂಪಿನಲ್ಲಿ. ವಾಯುಪಡೆಯ ಲಾಂಛನದ ಕೇಸರಿಯನ್ನು ಅಂಥ ದೀಪದಡಿ ಕಲಸಿದರೆ ಹಗಲಿನಲ್ಲಿ ಬೇರೆಯೇ ಬಣ್ಣ ಕಾಣುತ್ತದೆ. 90ಕ್ಕಿಂತ ಹೆಚ್ಚಿನ ಸಿಆರ್‌ಐ ಬಲ್ಬ್‌ಗೆ ಸ್ವಲ್ಪ ಹೆಚ್ಚು ಕೊಡುವುದು ಈ ಹವ್ಯಾಸದಲ್ಲಿ ದುಂದಲ್ಲ.

ಹಣದ ಲೆಕ್ಕದಲ್ಲಿ ನನಗೆ ಇನ್ನೂ ಮುಖ್ಯವಾಗಿ ಕಾಣುವುದು ಕೆಟ್ಟಾಗ ಏನಾಗುತ್ತದೆ ಎಂಬುದು. ಉಂಗುರದೊಳಗಿನ ಎಲ್‌ಇಡಿ ಅಥವಾ ಅದರ ಡ್ರೈವರ್ ಹೋದರೆ, ಬಿಡಿಭಾಗ ಸಿಗದಿದ್ದಲ್ಲಿ, ಚೆನ್ನಾಗಿರುವ ಮಸೂರವೂ ಅದರ ಜೊತೆಗೇ ಮೂಲೆ ಸೇರುತ್ತದೆ. ಮಾಮೂಲಿ ಹೋಲ್ಡರ್ ಇರುವ, ತೋಳು ಬಾಗುವ ಟೇಬಲ್ ಲ್ಯಾಂಪ್‌ಗೆ ಬೀದಿ ಅಂಗಡಿಯ ಬಲ್ಬ್ ಸಾಕು. ಕರೆಂಟು ಲೆಕ್ಕಕ್ಕೇ ಬಾರದು: ಹತ್ತು ವಾಟ್ ಬಲ್ಬ್ ದಿನಕ್ಕೆ ಎರಡು ಗಂಟೆ ಉರಿದರೆ ವರ್ಷಕ್ಕೆ ಏಳೂಕಾಲು ಯೂನಿಟ್. ಮಸೂರಕ್ಕೆ ತಲೆಗೆ ಕಟ್ಟಿಕೊಳ್ಳುವ ಪಟ್ಟಿ ಸಾಕು. ಅಮೆರಿಕದ ಡೊನೆಗನ್ ಕಂಪನಿಯ ಆಪ್ಟಿವೈಸರ್ ಈ ಜಾತಿಯಲ್ಲಿ ಹಳೆಯ ಹೆಸರು; ಅದರ 3ನೇ ನಂಬರಿನ ಮಸೂರ 14 ಇಂಚು ದೂರದಲ್ಲಿ 1.75 ಪಟ್ಟು, 5ನೇ ನಂಬರಿನದು 8 ಇಂಚಿನಲ್ಲಿ ಎರಡೂವರೆ ಪಟ್ಟು. ಅಗ್ಗದ ಪಟ್ಟಿಗಳು ಸಾವಿರ ರೂಪಾಯಿಯೊಳಗೇ ಸಿಗುತ್ತವೆ. ದೀಪ, ಒಳ್ಳೆಯ ಬಲ್ಬ್, ಪಟ್ಟಿ ಮೂರೂ ಸೇರಿ ಎರಡು ಸಾವಿರದ ಸುತ್ತಮುತ್ತ ಮುಗಿಯುತ್ತದೆ.

ಪಟ್ಟಿ ಕಟ್ಟಿಕೊಂಡರೆ ತಲೆಭಾರ, ಕತ್ತುನೋವು ಎನ್ನುವವರಿದ್ದಾರೆ. ಆ ದೂರು ನಿಜವಾದದ್ದು. ಗಂಟೆಗಟ್ಟಲೆ ಬಗ್ಗಿ ಕೂರುವವರಿಗೆ, ಕತ್ತಿನ ತೊಂದರೆ ಇರುವವರಿಗೆ, ಒಂದೇ ಮೇಜಿನಲ್ಲಿ ಮಕ್ಕಳಿಗೆ ಕೆಲಸ ತೋರಿಸುವವರಿಗೆ ತೋಳಿನ ದೀಪವೇ ವಾಸಿ. ಅವರು 5 ಡಯಾಪ್ಟರ್‌ನ ಗಾಜಿನ ಮಸೂರ ಇರುವುದನ್ನೇ ಆರಿಸಲಿ. ಅಕ್ರಿಲಿಕ್ ಹಗುರ, ಆದರೆ ಬೇಗ ಗೀಚುತ್ತದೆ, ಥಿನ್ನರ್ ತಗುಲಿದರೆ ಮಬ್ಬಾಗುತ್ತದೆ. ಗಾಜು ಭಾರ, ಆದ್ದರಿಂದ ತೋಳಿನ ಸ್ಪ್ರಿಂಗ್ ಗಟ್ಟಿ ಇರಬೇಕು, ಮಸೂರಕ್ಕೆ ಮುಚ್ಚಳ ಇರಲೇಬೇಕು: ಕಿಟಕಿಯ ಬಿಸಿಲು ಅದರ ಮೂಲಕ ಒಂದೇ ಬಿಂದುವಿಗೆ ಬಿದ್ದರೆ ಬೆಂಕಿ ಹತ್ತಬಹುದು, ಮೇಜಿನ ಮೇಲೆ ಥಿನ್ನರ್ ಡಬ್ಬಿ ಇರುತ್ತದೆ. ಓದುವ ಕನ್ನಡಕದ ನಂಬರು ಬದಲಾಗಿದೆಯೇ ಎಂದು ಇವೆಲ್ಲಕ್ಕೂ ಮೊದಲು ಪರೀಕ್ಷೆ ಮಾಡಿಸಿ. ಹಲವರಿಗೆ ಬೇಕಾಗಿರುವುದು ಹೊಸ ಕನ್ನಡಕ ಮಾತ್ರ. ಇಷ್ಟರ ಮೇಲೂ ಭೂತಗನ್ನಡಿ ದೀಪ ತರಿಸಿದರೆ, ವಾಪಸು ಮಾಡುವ ಗಡುವಿನೊಳಗೇ ಅದನ್ನು ಅಳೆಯಿರಿ: ಕಿಟಕಿಯ ಎದುರು ಗೋಡೆಯ ಬಳಿ ಮಸೂರ ಹಿಡಿದು, ದೂರದ ಮರದ ಚಿತ್ರ ಗೋಡೆಯ ಮೇಲೆ ತಲೆಕೆಳಗಾಗಿ ಸ್ಪಷ್ಟವಾಗುವ ಜಾಗದಲ್ಲಿ ಸ್ಕೇಲಿಟ್ಟು ಸೆಂಟಿಮೀಟರ್ ಗುರುತಿಸಿ, ನೂರನ್ನು ಅದರಿಂದ ಭಾಗಿಸಿ. ಬಂದ ಡಯಾಪ್ಟರ್ ಡಬ್ಬದ ಮೇಲಿನ ಮಾತಿಗೆ ಹೊಂದದಿದ್ದರೆ ಹಾಗೇ ಪ್ಯಾಕ್ ಮಾಡಿ ಹಿಂದಕ್ಕೆ ಕಳಿಸಿ.