ಮುತ್ಯಾನ ಅಪ್ಪ ಯಾರು? ಹೊಲದ ಕಾಗದಗಳಿಂದ ‘ಆಧಾರಗಳು’ ಪಾಠ

ಪೀಠಿಕೆ

ಅಗರಖೇಡದ ಭಾಗದ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಗೆ ಹೋದಾಗ 8ನೆಯ ತರಗತಿಗೆ ‘ಆಧಾರಗಳು’ ಪಾಠ ಮಾಡುವ ಸರದಿ ನನ್ನದಾಗಿತ್ತು. ಸಾಹಿತ್ಯಿಕ ಆಧಾರ, ಪುರಾತತ್ವ ಆಧಾರ, ಮೌಖಿಕ ಆಧಾರ ಎಂದು ಕಪ್ಪುಹಲಗೆಯ ಮೇಲೆ ಪಟ್ಟಿ ಬರೆದೆ. ಮಕ್ಕಳು ಒಕ್ಕೊರಲಿನಿಂದ ಹೇಳಿದರು. ಪಾಠ ಚೆನ್ನಾಗಿಯೇ ಆಯಿತು ಎಂದುಕೊಂಡು ‘ಏನಾದರೂ ಸಂಶಯ ಇದೆಯೇ?’ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

‘ಸರ್, ನಮ್ಮ ಮುತ್ಯಾನ ಅಪ್ಪನ ಹೆಸರ ನಮ್ಮ ದೊಡ್ಡಪ್ಪ ಒಂದ ಹೇಳ್ತಾರ, ನಮ್ಮ ಆಯಿ ಒಂದ ಹೇಳ್ತಾಳ. ಯಾವ್ದ ಖರೇರಿ?’

ತರಗತಿ ನಕ್ಕಿತು. ನನ್ನಲ್ಲಿ ಉತ್ತರವಿರಲಿಲ್ಲ. ಸಂಜೆ ಮೇಲ್ವಿಚಾರಕರು ಅವಲೋಕನ ಹಾಳೆಯಲ್ಲಿ ಒಂದೇ ವಾಕ್ಯ ಬರೆದಿದ್ದರು: ‘ಆ ಹುಡುಗನ ಪ್ರಶ್ನೆಯೇ ನಾಳೆಯ ಪಾಠವಾಗಲಿ.’ ಹಾಗೆ ಸಿದ್ಧಪಡಿಸಿದ ಎರಡು ಅವಧಿಗಳ ಪಾಠದ ವಿವರ ಇಲ್ಲಿದೆ.

ಶಿಕ್ಷಕರಿಗೆ ಬೇಕಾದ ಪೂರ್ವಸಿದ್ಧತೆ

ರೈತ ಕುಟುಂಬದ ಹಿರಿಯರನ್ನು ಹುಡುಕಲು ನಮ್ಮ ಭಾಗದಲ್ಲಿ ಮೊದಲು ಸಿಗುವುದು ಹೊಲದ ಉತಾರ. ಮುಂಬಯಿ ಪ್ರಾಂತ್ಯದಲ್ಲಿ ರೈತವಾರಿ ಸರ್ವೆ 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಿಂದ ಶುರುವಾಗಿ ಮುಂದೆ ನಮ್ಮ ತಾಲ್ಲೂಕುಗಳಿಗೂ ಬಂತು. ಪ್ರತಿ ಹೊಲಕ್ಕೆ ಸರ್ವೆ ನಂಬರು, ಆಕಾರ ಮತ್ತು ಖಾತೇದಾರನ ಹೆಸರು ದಾಖಲಾದವು. ಆದರೆ ಆ ಖಾತೆಯ ಉದ್ದೇಶ ಕಂದಾಯ ಯಾರು ಕಟ್ಟಬೇಕು ಎಂದು ತಿಳಿಯುವುದು. ಯಾರು ಯಾರ ಮಗ ಎಂದು ತಿಳಿಸುವುದಲ್ಲ. ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರಿದ್ದರೂ ಖಾತೆಯಲ್ಲಿ ಹಿರಿಯನೊಬ್ಬನೇ ಇರಬಹುದು. ಹೊಲದ ಮೇಲೆ ಯಾರಿಗೆ ಯಾವ ಹಕ್ಕು, ಅದು ಹೇಗೆ ಬಂತು ಎಂದು ಬರೆದಿಡುವ ಕ್ರಮ 1903ರ ಹಕ್ಕುದಾಖಲೆ ಕಾಯ್ದೆಯ ನಂತರದ್ದು. ವಾರಸಾ, ವಾಟಣಿ, ಖರೀದಿಗಳ ನೋಂದಣಿ ಸಿಕ್ಕರೆ ವಂಶದ ಕೊಂಡಿ ಸಿಕ್ಕಂತೆ.

ಹಳೆಯ ಕಾಗದ ಓದಲು ಕೆಲವು ಪದಗಳು ಗೊತ್ತಿರಬೇಕು. ‘ಬಿನ್’, ‘ವಲದ’ ಎಂದರೆ ಇಂಥವರ ಮಗ. ‘ಕೋಂ’ ಎಂದರೆ ಇಂಥವರ ಹೆಂಡತಿ. ‘ಅ.ಪಾ.ಕ.’ ಎಂದರೆ ಅಜ್ಞಾನ ಪಾಲನಕರ್ತ, ಅಂದರೆ ವಯಸ್ಸಿಗೆ ಬಾರದ ಮಗುವಿನ ಪರವಾಗಿ ನಿಂತವರು. ‘ಚಕಬಂದಿ’ ಎಂದರೆ ಹೊಲದ ನಾಲ್ಕು ದಿಕ್ಕಿನ ಎಲ್ಲೆ. ಶಕವರ್ಷಕ್ಕೆ 78, ನಮ್ಮ ಕಡೆಯ ಫಸಲಿ ವರ್ಷಕ್ಕೆ 590 ಸೇರಿಸಿದರೆ ಇಸವಿ ಸರಿಸುಮಾರು ಸಿಗುತ್ತದೆ. ಕೆಲವು ಹಳೆಯ ಕಾಗದಗಳು ಮರಾಠಿಯ ಮೋಡಿ ಲಿಪಿಯಲ್ಲಿರುತ್ತವೆ. ಅವನ್ನು ಬಲ್ಲವರಿಂದಲೇ ಓದಿಸಬೇಕು. ‘ಕಲಾದಗಿ ಜಿಲ್ಲೆ’ ಎಂದು ಕಂಡರೆ ಬೇರೆ ಊರೆಂದು ತಿಳಿಯಬಾರದು. 1864ರಲ್ಲಿ ರಚನೆಯಾದ ಆ ಜಿಲ್ಲೆಯ ಕೇಂದ್ರ 1885ರಲ್ಲಿ ಬಿಜಾಪುರಕ್ಕೆ ಬಂತು.

ಈ ತೊಡಕು ನಮಗಷ್ಟೇ ಇಲ್ಲ. ಅಮೆರಿಕದಲ್ಲಿ 1790ರ ಮೊದಲ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಬರೆದರು. ಉಳಿದವರು ಬರೀ ಸಂಖ್ಯೆಗಳಾದರು. ಗುಲಾಮರಲ್ಲದ ಪ್ರತಿಯೊಬ್ಬರ ಹೆಸರೂ ಬಂದದ್ದು 1850ರಲ್ಲಿ. ಹಾಗಾಗಿ ಅಲ್ಲಿ ಹಳೆಯ ರೈತನೊಬ್ಬನ ತಂದೆ ಯಾರೆಂದು ಹುಡುಕುವವರು ತೆರಿಗೆ ಪಟ್ಟಿ, ಮೃತ್ಯುಪತ್ರ, ಜಮೀನಿನ ಖರೀದಿ ಪತ್ರಗಳನ್ನು ಒಂದಕ್ಕೊಂದು ಹೋಲಿಸುತ್ತಾರೆ. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಅವರಿಗೆ ನೆರವಾಗುವುದು ನೆರೆಹೊಲದವರ ಹೆಸರು. ನಮ್ಮಲ್ಲಿ ಆ ಕೆಲಸವನ್ನು ಚಕಬಂದಿ ಮಾಡುತ್ತದೆ.

ತರಗತಿ ಚಟುವಟಿಕೆ

ಮಕ್ಕಳ ಮನೆಯ ಕಾಗದಗಳನ್ನು ತರಿಸಲಿಲ್ಲ. ಅದರ ಕಾರಣವನ್ನು ಮುಂದೆ ಹೇಳಿದ್ದೇನೆ. ನಾನೇ ಮೂರು ಮಾದರಿ ಚೀಟಿ ಬರೆದು ಐದೈದು ಮಕ್ಕಳ ಗುಂಪಿಗೆ ಕೊಟ್ಟೆ. ಇವು ಪಾಠಕ್ಕಾಗಿ ಕಟ್ಟಿದವು ಎಂದು ಮೊದಲೇ ತಿಳಿಸಿದೆ.

ಚೀಟಿ 1: ವರ್ಷ 1870. ಹಳ್ಳದ ದಂಡೆಯ ಹೊಲ. ಖಾತೇದಾರ: ಮಲ್ಲಪ್ಪ ಬಿನ್ ಸಿದ್ದಪ್ಪ.

ಚೀಟಿ 2: ವರ್ಷ 1925. ಅದೇ ಸರ್ವೆ ನಂಬರು, ಅದೇ ಚಕಬಂದಿ. ಮಲ್ಲಪ್ಪ ಮಯತ. ವಾರಸದಾರ: ಸಿದ್ದಪ್ಪ ಬಿನ್ ಮಲ್ಲಪ್ಪ, ಅ.ಪಾ.ಕ. ತಾಯಿ ಬಸವ್ವ ಕೋಂ ಮಲ್ಲಪ್ಪ.

ಚೀಟಿ 3: ಮನೆಯ ಆಯಿಯ ಮಾತು: ‘ನಮ್ಮ ಹಿರಿಯಾರು ದೊಡ್ಡ ಬರದಾಗ ಬ್ಯಾರೆ ಊರಿಂದ ಬಂದು ಇಲ್ಲಿ ನಿಂತರಂತ.’

ಪ್ರಶ್ನೆ: 1870ರ ಮಲ್ಲಪ್ಪ 1925ರ ಸಿದ್ದಪ್ಪನ ತಂದೆಯೇ?

ಎಲ್ಲ ಗುಂಪುಗಳೂ ಕೂಡಲೇ ‘ಹೌದು’ ಎಂದವು. ಹೆಸರು ಕೂಡುತ್ತದೆ, ಹೊಲ ಕೂಡುತ್ತದೆ, ಇನ್ನೇನು ಬೇಕು? ನಾನು ‘ವಯಸ್ಸು ಲೆಕ್ಕ ಹಾಕಿರಿ’ ಎಂದೆ. 1870ರಲ್ಲಿ ಖಾತೇದಾರನಿಗೆ ಕನಿಷ್ಠ 20 ವರ್ಷ ಎಂದು ಹಿಡಿದರೂ ಅವನು ಹುಟ್ಟಿದ್ದು 1850ರ ಸುಮಾರಿಗೆ. 1925ರಲ್ಲಿ ಸಿದ್ದಪ್ಪನಿಗೆ 18 ತುಂಬಿಲ್ಲ. ಅಂದರೆ ಅವನು ಹುಟ್ಟಿದ್ದು 1907ರ ನಂತರ. ಮಗ ಹುಟ್ಟಿದಾಗ ತಂದೆಗೆ 57 ದಾಟಿರಬೇಕು. ಆಗಲಾರದ್ದೇನಲ್ಲ, ಆದರೆ ಅಪರೂಪ. ಆಗ ಒಬ್ಬ ಹುಡುಗಿ, ‘ಸರ್, ಮೊಮ್ಮಗಗ ಮುತ್ಯಾನ ಹೆಸರ ಇಡ್ತಾರಲ್ರಿ, ನಡುವ ಇನ್ನೊಬ್ಬ ಸಿದ್ದಪ್ಪ, ಇನ್ನೊಬ್ಬ ಮಲ್ಲಪ್ಪ ಇರಬಹುದಲ್ರಿ?’ ಎಂದಳು. ಇಡೀ ಪಾಠದ ತಿರುವು ಅದೇ. ಕಾಗದದಲ್ಲಿ ಒಬ್ಬನಂತೆ ಕಾಣುವ ಮಲ್ಲಪ್ಪ, ಅಜ್ಜ ಮತ್ತು ಮೊಮ್ಮಗ ಎಂಬ ಇಬ್ಬರಿರಬಹುದು.

ಅನಂತರ ಮೂರನೆಯ ಚೀಟಿಗೆ ಬಂದೆವು. ನಮ್ಮ ಜಿಲ್ಲೆಯನ್ನು ತೀವ್ರವಾಗಿ ಕಾಡಿದ ಬರ 1876–78ರದು. 1872 ಮತ್ತು 1881ರ ಜನಗಣತಿಗಳ ನಡುವೆ ಕಲಾದಗಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಕುಸಿಯಿತು. ಆಯಿ ಹೇಳುವ ಬರ ಅದೇ ಆಗಿದ್ದರೆ, 1870ರಲ್ಲೇ ಊರಿನಲ್ಲಿ ಹೊಲವಿದ್ದ ಮಲ್ಲಪ್ಪ ಈ ಮನೆಯವನೇ ಅಲ್ಲದಿರಬಹುದು. ಬಂದವರು ಆ ಹೊಲವನ್ನು ಆಮೇಲೆ ಪಡೆದಿರಬಹುದು. ಅಥವಾ ಆಯಿ ತನ್ನ ತವರಿನ ಕಥೆ ಹೇಳುತ್ತಿರಬಹುದು. ಅಥವಾ ಆ ಬರ ಇನ್ನೂ ಹಿಂದಿನದಿರಬಹುದು. ‘ಹಂಗಾದ್ರ ಆಯಿ ಸುಳ್ಳ ಹೇಳ್ಯಾಳೇನ್ರಿ?’ ಎಂದು ಒಬ್ಬ ಕೇಳಿದ. ಕಾಗದವೂ ಸುಳ್ಳು ಹೇಳುತ್ತಿಲ್ಲ, ಆಯಿಯೂ ಹೇಳುತ್ತಿಲ್ಲ. ಎರಡನ್ನೂ ಕೂಡಿಸುವಾಗ ನಾವು ಅವಸರ ಮಾಡುತ್ತಿದ್ದೇವೆ ಎಂದು ವಿವರಿಸಿದೆ.

ಮುಂದೆ ಏನು ಹುಡುಕಬೇಕು ಎಂದು ಗುಂಪುಗಳೇ ಪಟ್ಟಿ ಮಾಡಿದವು: 1870 ಮತ್ತು 1925ರ ನಡುವಿನ ಖರೀದಿ ಪತ್ರ, ನೆರೆಹೊಲದವರ ಕಾಗದಗಳಲ್ಲಿನ ಚಕಬಂದಿ, ಹೆಳವರ ಹೇಳಿಕೆ. ಹೆಳವರು ಎತ್ತಿನ ಮೇಲೆ ಬಂದು ಒಕ್ಕಲು ಮನೆತನಗಳ ವಂಶಾವಳಿ ಹೇಳಿ ಕಾಳು, ಬಟ್ಟೆ ಪಡೆಯುವವರೆಂದು ಕೆಲವು ಮಕ್ಕಳಿಗೆ ಗೊತ್ತಿತ್ತು. ಮನೆಯವರೇ ಹೇಳಿದ್ದು ಹೆಳವರ ವಹಿಗೆ ಸೇರಿರಬಹುದಾದ್ದರಿಂದ ಅದನ್ನೂ ಹೋಲಿಸಿಯೇ ಒಪ್ಪಬೇಕು ಎಂಬುದನ್ನು ಸೇರಿಸಿದೆ.

ಕೊನೆಗೆ ವಂಶವೃಕ್ಷ ಬರೆಯುವಾಗ ಮೂರು ಬಗೆಯ ಗೆರೆ ಎಳೆಸಿದೆ. ಖಚಿತವಾದುದಕ್ಕೆ ಪೂರ್ಣ ಗೆರೆ, ಸಂಭವನೀಯವಾದುದಕ್ಕೆ ತುಂಡು ಗೆರೆ, ಗೊತ್ತಿಲ್ಲದ್ದಕ್ಕೆ ಖಾಲಿ ಚೌಕ. ಬಸವ್ವ–ಮಲ್ಲಪ್ಪ–ಸಿದ್ದಪ್ಪರ ನಡುವೆ ಪೂರ್ಣ ಗೆರೆ ಬಂತು. 1870ರ ಮಲ್ಲಪ್ಪನಿಗೂ ಅವರಿಗೂ ನಡುವೆ ಖಾಲಿ ಚೌಕ ಉಳಿಯಿತು.

ಹೊಲವಿಲ್ಲದವರ ಇತಿಹಾಸ

ಅವಧಿ ಮುಗಿಯುವ ಹೊತ್ತಿಗೆ ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು: ‘ನಮಗ ಹೊಲಾನ ಇಲ್ರಿ ಸರ್.’ ನನ್ನ ಯೋಜನೆಯ ದೊಡ್ಡ ಕೊರತೆ ಆಗ ಕಂಡಿತು. ಎರಡನೆಯ ಅವಧಿಯನ್ನು ಅವಳ ಮಾತಿನಿಂದಲೇ ಆರಂಭಿಸಿದೆ. ಶಾಲೆಯ ದಾಖಲಾತಿ ರಜಿಸ್ಟರ್, ಜನನ–ಮರಣ ನೋಂದಣಿ, ಮತದಾರರ ಪಟ್ಟಿ ಇವುಗಳಲ್ಲಿ ಕೂಲಿಕಾರರ ಮನೆಯವರೂ ಸಿಗುತ್ತಾರೆ. ಆದರೆ ಅಲ್ಲೂ ಬಿಟ್ಟುಹೋದವರಿದ್ದಾರೆ. ದೇಶದ ಮೊದಲ ಸಾರ್ವತ್ರಿಕ ಚುನಾವಣೆಯ ಪಟ್ಟಿಯಲ್ಲಿ ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಮಹಿಳೆಯರನ್ನು ಕೈಬಿಡಬೇಕಾಯಿತು. ದಾಖಲೆಯಲ್ಲಿ ಹೆಸರಿಲ್ಲ ಎಂದರೆ ಆ ವ್ಯಕ್ತಿ ಇರಲಿಲ್ಲ ಎಂದಲ್ಲ. ಬರೆಯುವವರಿಗೆ ಆ ಹೆಸರು ಬೇಕಿರಲಿಲ್ಲ ಎಂದೂ ಇರಬಹುದು. ಇದನ್ನು ಮಕ್ಕಳು ತಮ್ಮ ಮಾತಿನಲ್ಲಿ ಬರೆದರು.

ಪ್ರಶಿಕ್ಷಣಾರ್ಥಿಗಳಿಗೆ ಎಚ್ಚರಿಕೆಗಳು

1. ಮಕ್ಕಳ ಸ್ವಂತ ವಂಶಾವಳಿಯನ್ನು ಕಡ್ಡಾಯವಾಗಿ ಕೇಳಬಾರದು. ದತ್ತಕ, ಎರಡನೆಯ ಮದುವೆ, ವಾಟಣಿಯ ಜಗಳ, ಕೋರ್ಟಿನ ವ್ಯಾಜ್ಯ ಇವೆಲ್ಲ ಆ ಕಾಗದಗಳ ಹಿಂದೆ ಇರುತ್ತವೆ. ಮಾದರಿ ಚೀಟಿಗಳೇ ಸಾಕು.

2. ಅಡ್ಡಹೆಸರು, ಜಾತಿಯ ಆಧಾರದ ಮೇಲೆ ‘ಇವರು ಅವರ ವಂಶದವರು’ ಎಂದು ತರಗತಿಯಲ್ಲಿ ತೀರ್ಮಾನಿಸಬಾರದು.

3. ‘ಗೊತ್ತಿಲ್ಲ’ ಎಂಬ ಉತ್ತರಕ್ಕೂ ಅಂಕ ಕೊಡಬೇಕು. ಆದರೆ ಏಕೆ ಗೊತ್ತಿಲ್ಲ, ತಿಳಿಯಲು ಯಾವ ಕಾಗದ ಬೇಕು ಎಂಬುದನ್ನು ವಿದ್ಯಾರ್ಥಿ ಬರೆದಿರಬೇಕು.

ಉಪಸಂಹಾರ

ಮೌಲ್ಯಮಾಪನದ ದಿನ ಆ ಹಿಂದಿನ ಬೆಂಚಿನ ಹುಡುಗ ತಾನಾಗಿ ಒಂದು ಹಾಳೆ ತಂದು ತೋರಿಸಿದ. ಮುತ್ಯಾನ ಮೇಲೆ ಒಂದು ಖಾಲಿ ಚೌಕ. ಅದರ ಪಕ್ಕ ಎರಡು ಹೆಸರು. ಒಂದರ ಮುಂದೆ ‘ದೊಡ್ಡಪ್ಪ ಹೇಳಿದ್ದು’, ಇನ್ನೊಂದರ ಮುಂದೆ ‘ಆಯಿ ಹೇಳಿದ್ದು’. ಕೆಳಗೆ ‘1925ರ ಹಿಂದಿನ ಉತಾರ ನೋಡಬೇಕು’ ಎಂದು ಬರೆದಿದ್ದ. ಆ ಇಸವಿ ನನ್ನ ಚೀಟಿಯದು, ಅವನ ಮನೆಯದಲ್ಲ ಎಂದು ತಿದ್ದಿದೆ. ಉಳಿದದ್ದನ್ನು ತಿದ್ದುವ ಅಗತ್ಯ ಬೀಳಲಿಲ್ಲ. ಯಾರು ಹೇಳಿದರು, ಇನ್ನೂ ಏನು ನೋಡಬೇಕು ಎಂಬ ಎರಡೂ ಆ ಹಾಳೆಯಲ್ಲಿದ್ದವು. ನಾನು ಮೊದಲ ದಿನ ಹಲಗೆಯ ಮೇಲೆ ಬರೆದ ಪಟ್ಟಿಯಲ್ಲಿ ಅವೆರಡೂ ಇರಲಿಲ್ಲ.