ಹಳೆಯ ಟ್ರ್ಯಾಕ್ಟರುಗಳ ಮೂಲ ಬಣ್ಣವನ್ನು ಕಾಪಾಡುವ ಬಗೆ

ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆ 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಲ್ಲಿ ಆರಂಭವಾಯಿತು. 1960ರ ದಶಕದಲ್ಲಿ ಮ್ಯಾಸ್ಸಿ ಫರ್ಗ್ಯುಸನ್ ಹಾಗೂ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರುಗಳು ಇಲ್ಲಿಯೇ ತಯಾರಾಗತೊಡಗಿದವು. 1967ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಪವರ್ ಟಿಲ್ಲರುಗಳನ್ನು ನೀಡಿತು. 1971ರಲ್ಲಿ ಪಿಂಜೋರಿನಿಂದ ಎಚ್.ಎಂ.ಟಿ. ಟ್ರ್ಯಾಕ್ಟರುಗಳು ಬಂದವು. ಈ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಆ ಕಾಲದ ಯಂತ್ರಗಳು ಇಂದಿಗೂ ಕೆಲವು ರೈತರ ಕೊಟ್ಟಿಗೆಗಳಲ್ಲಿ ಉಳಿದಿವೆ.

ಅಮೆರಿಕದಲ್ಲಿ 1961ರ ಕಬ್ ಕೆಡೆಟ್, 1963ರ ಜಾನ್ ಡಿಯರ್ 110 ಮೊದಲಾದ ಸಣ್ಣ ತೋಟದ ಟ್ರ್ಯಾಕ್ಟರುಗಳನ್ನು ಜೋಪಾನ ಮಾಡುವವರಲ್ಲಿ ಅನೇಕರು ಅವಕ್ಕೆ ಹೊಸ ಬಣ್ಣ ಬಳಿಯುವುದಿಲ್ಲ. ಮಾಸಿದ ಮೂಲ ಬಣ್ಣವನ್ನೇ ಉಳಿಸಿಕೊಳ್ಳುತ್ತಾರೆ. ಈ ಕ್ರಮದಲ್ಲಿ ನಮ್ಮ ರೈತರಿಗೂ ಉಪಯೋಗವಾಗುವ ಅಂಶಗಳಿವೆ.

ಮೂಲ ಬಣ್ಣ ಏಕೆ ಬೇಕು?

ತಂದೆ ಕೊಂಡ ಟ್ರ್ಯಾಕ್ಟರ್ ಮಗನ ಕೈಗೆ ಬಂದಾಗ ಅದನ್ನು 'ಹೊಸದರಂತೆ' ಮಾಡುವ ಆಸೆ ಸಹಜ. ಆದರೆ ಎಮರಿ ಕಾಗದ ಹಾಕಿ ಉಜ್ಜಿ ಹೊಸ ಬಣ್ಣ ಸಿಂಪಡಿಸಿದ ಮೇಲೆ ಮೂಲ ಬಣ್ಣ ಮತ್ತೆ ಬರುವುದಿಲ್ಲ. ಕಾರ್ಖಾನೆಯ ಅಕ್ಷರಗಳು, ಗುರುತಿನ ಚೀಟಿಗಳು ಅದರೊಡನೆಯೇ ಅಳಿಯುತ್ತವೆ.

ಇನ್ನೊಂದು ಕಾರಣವೂ ಇದೆ. ಮೂಲ ಬಣ್ಣ ಯಂತ್ರದ ನಿಜಸ್ಥಿತಿಯನ್ನು ಹೇಳುತ್ತದೆ. ಎಲ್ಲಿ ಬೆಸುಗೆ ಹಾಕಿದೆ, ಎಲ್ಲಿ ತಗಡು ಬಾಗಿದೆ, ಎಲ್ಲಿಂದ ಎಣ್ಣೆ ಸೋರುತ್ತಿದೆ ಎಂಬುದು ಅದರಲ್ಲಿ ಕಾಣುತ್ತದೆ. ಹೊಸ ಬಣ್ಣದ ಕೆಳಗೆ ಬಿರುಕು, ಪುಟ್ಟಿ ತುಂಬಿದ ತೂತು ಮರೆಯಾಗಬಹುದು. ಹಳೆಯ ಟ್ರ್ಯಾಕ್ಟರ್ ಕೊಳ್ಳುವವರು ಇದನ್ನು ಗಮನದಲ್ಲಿಡಬೇಕು.

ಬಣ್ಣ ಮಾಸುವುದು ಹೇಗೆ?

ಬಣ್ಣದಲ್ಲಿ ಮುಖ್ಯವಾಗಿ ಎರಡು ವಸ್ತುಗಳಿರುತ್ತವೆ. ಒಂದು, ರಂಗು ಕೊಡುವ ಪುಡಿ. ಇನ್ನೊಂದು, ಆ ಪುಡಿಯನ್ನು ಹಿಡಿದಿಡುವ ಅಂಟು. ಬಿಸಿಲಿನ ಅತಿನೇರಳೆ ಕಿರಣಗಳು ಮೇಲ್ಪದರದ ಅಂಟನ್ನು ಒಡೆಯುತ್ತವೆ. ಹಿಡಿತ ತಪ್ಪಿದ ಪುಡಿ ಸುಣ್ಣದಂತೆ ಮೇಲೆ ನಿಲ್ಲುತ್ತದೆ. ಕೆಂಪು ಬಾನೆಟ್ ನಸುಗೆಂಪಾಗಿ ಕಾಣುವುದು ಇದರಿಂದಲೇ. ಹೀಗಾದರೂ ಕೆಳಗಿನ ಪದರ ಗಟ್ಟಿಯಾಗಿಯೇ ಇರಬಹುದು.

ತುಕ್ಕಿನ ದಾರಿ ಬೇರೆ. ಗೀರು ಬಿದ್ದ ಕಡೆ ತೇವ ಒಳಗಿಳಿದು ಕಬ್ಬಿಣವನ್ನು ಸೇರುತ್ತದೆ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಸುತ್ತಲಿನ ಬಣ್ಣವನ್ನು ಮೇಲಕ್ಕೆ ಎತ್ತುತ್ತದೆ. ಪೊಟ್ಯಾಷ್ ಗೊಬ್ಬರದ ಲವಣ, ದನದ ಮೂತ್ರ, ಬ್ಯಾಟರಿಯ ಆಮ್ಲ ಇವು ತುಕ್ಕನ್ನು ತೀವ್ರಗೊಳಿಸುತ್ತವೆ. ಆದ್ದರಿಂದ ಬಣ್ಣ ಮಾಸುವುದು ಬೇರೆ, ತುಕ್ಕು ಹಿಡಿಯುವುದು ಬೇರೆ. ಮೊದಲನೆಯದನ್ನು ಹಾಗೆಯೇ ಉಳಿಸಿಕೊಳ್ಳಬಹುದು, ಎರಡನೆಯದನ್ನು ತಡೆಯಲೇಬೇಕು.

ಮೊದಲು ಪರೀಕ್ಷೆ

1. ಬಿಳಿ ಬಟ್ಟೆಯಿಂದ ಮೆಲ್ಲನೆ ಒರೆಸಿ ನೋಡಬೇಕು. ಬಟ್ಟೆಗೆ ರಂಗು ಹತ್ತಿದರೆ ಮೇಲ್ಪದರ ಪುಡಿಯಾಗಿದೆ ಎಂದರ್ಥ.

2. ಒಂದು ಹನಿ ನೀರು ಬಿಡಬೇಕು. ಹನಿ ಗುಂಡಗೆ ನಿಂತರೆ ಪದರ ಗಟ್ಟಿಯಾಗಿದೆ. ಹರಡಿ ಹೀರಿಕೊಂಡರೆ ಪದರದಲ್ಲಿ ಸೂಕ್ಷ್ಮ ರಂಧ್ರಗಳಿವೆ.

3. ಗುಳ್ಳೆ ಎದ್ದ ಅಂಚನ್ನು ಉಗುರಿನಿಂದ ಮುಟ್ಟಿ ನೋಡಬೇಕು. ಚಕ್ಕೆಯಾಗಿ ಏಳುವಂತಿದ್ದರೆ ಅದರ ಕೆಳಗೆ ತುಕ್ಕಿರುವ ಸಂಭವ ಹೆಚ್ಚು.

ನಿತ್ಯ ಕೆಸರುಗದ್ದೆಗೆ ಇಳಿಯುವ ಯಂತ್ರಕ್ಕೆ ಈ ಕ್ರಮ ಸಾಲದು. ಅದರ ಚಕ್ರದ ರಿಮ್ಮು, ಮಡ್‌ಗಾರ್ಡಿನ ಒಳಭಾಗಗಳಿಗೆ ರೆಡ್ ಆಕ್ಸೈಡ್ ಹಾಗೂ ಹೊಸ ಬಣ್ಣ ಅಗತ್ಯ. ಬಾನೆಟ್ಟಿನಂತಹ ಮೇಲಿನ ಭಾಗಗಳ ಮೂಲ ಬಣ್ಣವನ್ನು ಮಾತ್ರ ಉಳಿಸಿಕೊಳ್ಳಬಹುದು.

ತೊಳೆಯುವ ಕ್ರಮ

ಟ್ರ್ಯಾಕ್ಟರನ್ನು ನೆರಳಿನಲ್ಲಿ ನಿಲ್ಲಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ತಂತಿ ಬಿಚ್ಚಬೇಕು. ಏರ್ ಕ್ಲೀನರಿನ ಬಾಯಿ, ಸೈಲೆನ್ಸರ್, ಡೈನಮೋ, ಸೆಲ್ಫ್ ಸ್ಟಾರ್ಟರ್ ಇವುಗಳಿಗೆ ನೀರು ಹೋಗದಂತೆ ಪ್ಲಾಸ್ಟಿಕ್ ಕಟ್ಟಬೇಕು. ಒಂದು ಬಕೆಟ್ ನೀರಿಗೆ ಒಂದು ಚಮಚೆಯಷ್ಟು ಸೌಮ್ಯ ಸಾಬೂನು ದ್ರಾವಣ ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಬೇಕು. ವಾಷಿಂಗ್ ಸೋಡಾ ಬಳಸಬಾರದು, ಅದರ ಕ್ಷಾರ ಬಣ್ಣದ ಅಂಟನ್ನೇ ಕರಗಿಸುತ್ತದೆ. ಸರ್ವೀಸ್ ಸ್ಟೇಷನ್ನಿನ ರಭಸದ ನೀರು ಸಡಿಲವಾದ ಚಕ್ಕೆಗಳನ್ನು ಹಾರಿಸಿಬಿಡುತ್ತದೆ.

ಗ್ರೀಸಿನ ಜಿಡ್ಡಿಗೆ ಬಟ್ಟೆಯ ತುದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದರೆ ಸಾಕು. ಪೆಟ್ರೋಲ್, ಥಿನ್ನರ್ ಎರಡೂ ಬೇಡ. ಯಾವುದನ್ನು ಬಳಸಿದರೂ ಮೊದಲು ಕಣ್ಣಿಗೆ ಬೀಳದ ಜಾಗದಲ್ಲಿ ಪ್ರಯೋಗಿಸಿ ನೋಡಬೇಕು. ಅಕ್ಷರ, ಚೀಟಿಗಳಿರುವ ಕಡೆ ಹಿಂಡಿದ ಒದ್ದೆ ಬಟ್ಟೆಯನ್ನು ಒತ್ತಿ ತೆಗೆಯಬೇಕೇ ಹೊರತು ಉಜ್ಜಬಾರದು. ನಂತರ ಒಂದು ದಿನ ಗಾಳಿಗೆ ಒಣಗಿಸಬೇಕು.

ಸೀಸದ ಬಗ್ಗೆ ಎಚ್ಚರಿಕೆ

ಹಳೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸದ ಸಂಯುಕ್ತಗಳಿರುವ ಸಂಭವವಿದೆ. ಭಾರತದಲ್ಲಿ ಬಣ್ಣದ ಸೀಸಕ್ಕೆ ಮಿತಿ ಹಾಕಿದ 2016ರ ನಿಯಮ ಮನೆಗೆ ಬಳಿಯುವ ಬಣ್ಣಗಳಿಗೆ ಸಂಬಂಧಿಸಿದ್ದು. ಹಳೆಯ ಯಂತ್ರದ ಬಣ್ಣವನ್ನು ಒಣಗಿದಂತೆಯೇ ಉಜ್ಜುವುದು, ಬೆಂಕಿಯಿಂದ ಸುಟ್ಟು ತೆಗೆಯುವುದು ಅಪಾಯಕರ. ಆ ಧೂಳು ಮತ್ತು ಹೊಗೆಯಿಂದ ಮಕ್ಕಳ ಮಿದುಳಿನ ಬೆಳವಣಿಗೆಗೆ ಧಕ್ಕೆಯಾಗುತ್ತದೆ. ಕೆಲಸದ ಜಾಗಕ್ಕೆ ಮಕ್ಕಳನ್ನು, ಗರ್ಭಿಣಿಯರನ್ನು ಬಿಡಬಾರದು. ಸಡಿಲವಾದ ಚಕ್ಕೆಗಳನ್ನು ತೇವ ಮಾಡಿ, ಕೆಳಗೆ ಕಾಗದ ಹಾಸಿ, ಪೂರ್ತಿ ಸಂಗ್ರಹಿಸಬೇಕು. ಅದನ್ನು ತಿಪ್ಪೆಗಾಗಲಿ ಕೈತೋಟಕ್ಕಾಗಲಿ ಹಾಕಬಾರದು. ಮಣ್ಣಿಗೆ ಸೇರಿದ ಸೀಸ ಕೊಳೆತು ನಾಶವಾಗುವುದಿಲ್ಲ. ಊಟಕ್ಕೆ ಮುಂಚೆ ಕೈ ಮುಖ ತೊಳೆದು ಬಟ್ಟೆ ಬದಲಿಸಬೇಕು.

ರಕ್ಷಣೆಯ ಲೇಪ

ಬಣ್ಣ ಗಟ್ಟಿಯಾಗಿ ಹೊಳಪು ಮಾತ್ರ ಕಳೆದುಕೊಂಡಿದ್ದರೆ ಕಾರಿಗೆ ಹಚ್ಚುವ ಮೇಣ ಸಾಕು. ಉಜ್ಜುವ ಪುಡಿ ಬೆರೆಸಿದ ಪಾಲಿಷ್ ಬೇಡ, ಅದು ಉಳಿದಿರುವ ತೆಳುಪದರವನ್ನೂ ಸವೆಸುತ್ತದೆ. ಮೇಣವನ್ನು ಬೇಡವೆಂದಾಗ ತೆಗೆಯಲೂಬಹುದು.

ಪದರ ಪುಡಿಯಾಗಿ ನೀರು ಹೀರುವಂತಿದ್ದರೆ, ಇಲ್ಲವೆ ಬಣ್ಣದ ನಡುವೆ ತೆಳುವಾದ ತುಕ್ಕಿದ್ದರೆ ಅಗಸೆ ಎಣ್ಣೆ ಸೂಕ್ತ. ಬಣ್ಣದ ಅಂಗಡಿಗಳಲ್ಲಿ 'ಡಬಲ್ ಬಾಯಿಲ್ಡ್' ಎಂದು ಸಿಗುವುದನ್ನೇ ಕೊಳ್ಳಬೇಕು. ಗಾಣದ ಹಸಿ ಎಣ್ಣೆ ಒಣಗಲು ಬಹಳ ದಿನ ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾದ ಪೊರೆಯಾಗುತ್ತದೆ. ಕೊಬ್ಬರಿ, ಕಡಲೆಕಾಯಿ, ಹೊಂಗೆ ಎಣ್ಣೆಗಳು ಹಾಗೆ ಪೊರೆಗಟ್ಟದೆ ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತವೆ. ಹಳೆಯ ಎಂಜಿನ್ ಆಯಿಲ್ ಹಚ್ಚುವ ರೂಢಿಯನ್ನು ಬಿಡಬೇಕು. ಅದರಲ್ಲಿ ಮಸಿ ಮತ್ತು ಆಮ್ಲ ಸೇರಿರುತ್ತವೆ, ಚರ್ಮಕ್ಕೂ ಅದು ಕೆಟ್ಟದ್ದು.

ಸಡಿಲ ತುಕ್ಕನ್ನು ಮೊದಲು ಎಣ್ಣೆ ಸವರಿದ ನಯವಾದ ಸ್ಟೀಲ್ ವುಲ್‌ನಿಂದ, ಬಣ್ಣಕ್ಕೆ ತಾಗದಂತೆ ತೆಗೆಯಬೇಕು. ನಂತರ ಒಂದು ಪಾಲು ಎಣ್ಣೆಗೆ ಒಂದು ಪಾಲು ಟರ್ಪೆಂಟೈನ್ ಬೆರೆಸಿ ಬಟ್ಟೆಯಿಂದ ತೆಳುವಾಗಿ ಸವರಬೇಕು. 15-20 ನಿಮಿಷ ಬಿಟ್ಟು, ಹೀರದೆ ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು. ಹಾಗೆ ಬಿಟ್ಟರೆ ಅಂಟಂಟಾಗಿ ಧೂಳು ಕೂರುತ್ತದೆ. ಟೈರ್, ಬೆಲ್ಟ್, ಬ್ರೇಕ್, ಪೆಡಲ್, ಸೈಲೆನ್ಸರುಗಳಿಗೆ ಸವರಬಾರದು. ಈ ಎಣ್ಣೆ ಬಣ್ಣವನ್ನು ಸ್ವಲ್ಪ ಗಾಢವಾಗಿಸುತ್ತದೆ ಮತ್ತು ಒಣಗಿದ ಮೇಲೆ ಸುಲಭವಾಗಿ ಹೋಗುವುದಿಲ್ಲ. ಆದ್ದರಿಂದ ಮೇಣದಿಂದ ಕೆಲಸ ಆಗುವ ಕಡೆ ಎಣ್ಣೆ ಬೇಡ.

ಪಾರದರ್ಶಕ ವಾರ್ನಿಷ್ ಬಳಿಯುವುದೂ ಸರಿಯಲ್ಲ. ಅದರ ಕೆಳಗೆ ತೇವ ಸೇರಿಕೊಂಡರೆ ತುಕ್ಕು ಒಳಗೊಳಗೇ ಹರಡಿ, ವಾರ್ನಿಷ್ ಏಳುವಾಗ ಮೂಲ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ.

ಎಣ್ಣೆ ಬಟ್ಟೆಯಿಂದ ಬೆಂಕಿ

ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಒಳಗೇ ಉಳಿದು, ಯಾರೂ ಕಿಡಿ ತಾಗಿಸದೆಯೇ ಬಟ್ಟೆ ಹೊತ್ತಿಕೊಳ್ಳಬಹುದು. ಟ್ರ್ಯಾಕ್ಟರ್, ಡೀಸೆಲ್, ಒಣಹುಲ್ಲು, ದನಕರು ಎಲ್ಲವೂ ಒಂದೇ ಸೂರಿನಡಿ ಇರುವ ಮನೆಯಲ್ಲಿ ಇದರ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಿಲ್ಲ. ಬಟ್ಟೆಗಳನ್ನು ಕೂಡಲೆ ನೀರಿನಲ್ಲಿ ಮುಳುಗಿಸಬೇಕು, ಇಲ್ಲವೆ ಬಯಲಿನಲ್ಲಿ ಒಂದೊಂದಾಗಿ ಹರವಿ ಒಣಗಿಸಬೇಕು.

ನಿಲ್ಲಿಸುವ ಜಾಗ

ಒಳ್ಳೆಯ ನೆರಳಿಲ್ಲದಿದ್ದರೆ ಯಾವ ಲೇಪವೂ ಬಾಳುವುದಿಲ್ಲ. ಮಳೆ ಬಿಸಿಲು ತಾಗದ, ಗಾಳಿಯಾಡುವ ಸೂರಿನ ಕೆಳಗೆ, ಗೊಬ್ಬರದ ಚೀಲ ಮತ್ತು ದನ ಕಟ್ಟುವ ಜಾಗದಿಂದ ದೂರವಾಗಿ ಯಂತ್ರವನ್ನು ನಿಲ್ಲಿಸಬೇಕು. ಪ್ಲಾಸ್ಟಿಕ್ ಹಾಳೆಯನ್ನು ಮೈಗೆ ಹತ್ತಿಸಿ ಹೊದಿಸಿದರೆ ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಬಟ್ಟೆಯ ಹೊದಿಕೆ ಉತ್ತಮ. ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ಧೂಳು ಒರೆಸಿ, ಹೊಸ ತುಕ್ಕು ಕಂಡ ಕಡೆ ಲೇಪ ಕೊಡಬೇಕು.

ನೆನಪಿಡಬೇಕಾದ ಅಂಶಗಳು

* ಬಣ್ಣ ಮಾಸಿದ್ದಕ್ಕೆ ಹೊಸ ಬಣ್ಣ ಬೇಕಿಲ್ಲ, ತುಕ್ಕಿಗೆ ತಡೆ ಬೇಕು.
* ಗಟ್ಟಿ ಪದರಕ್ಕೆ ಮೇಣ, ನೀರು ಹೀರುವ ಪದರಕ್ಕೆ ತೆಳುವಾದ ಅಗಸೆ ಎಣ್ಣೆ.
* ಹಳೆಯ ಬಣ್ಣವನ್ನು ಒಣಗಿದಂತೆ ಉಜ್ಜಬಾರದು, ಸುಡಬಾರದು.
* ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಇಡಬಾರದು.

ಹೊಸ ಬಣ್ಣವನ್ನು ಮುಂದೆ ಯಾವಾಗ ಬೇಕಾದರೂ ಬಳಿಯಬಹುದು. ಮೂಲ ಬಣ್ಣವನ್ನು ಒಮ್ಮೆ ಕೆರೆದರೆ ಮುಗಿಯಿತು. ಆದ್ದರಿಂದ ಎಮರಿ ಕಾಗದ ಕೈಗೆತ್ತಿಕೊಳ್ಳುವ ಮೊದಲು ಒಂದು ಬಕೆಟ್ ಸಾಬೂನು ನೀರಿನಿಂದ ಕೆಲಸ ಆರಂಭಿಸುವುದು ಜಾಣತನ.